ಅಲ್ಲಿ ಅಂದರೆ ಎಲ್ಲಿ?

ನಮ್ಮ ಮನೆಯ ಊಟದ ಮೇಜಿಗೆ ಸೇರಿದ ಒಂದು ಕುರ್ಚಿಯ ಮೇಲೆ ಮಕ್ಕಳ ಕಥೆಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದೇವೆ. ರಟ್ಟು ಇನ್ನೂ ಹೊಳೆಯುತ್ತದೆ, ಒಂದು ಮೂಲೆಯೂ ಮಡಿಸಿಲ್ಲ, ಹೊಸ ಪುಸ್ತಕದ ವಾಸನೆ ಕೂಡ ಹೋಗಿಲ್ಲ. ಐದು ವರ್ಷದ ಮಗಳು ಹರ್ಷಿತಾ ಅವುಗಳ ಮೇಲೆ ಕೂತು ಮುದ್ದೆ ಮುರಿಯುತ್ತಾಳೆ. ಇಲ್ಲದಿದ್ದರೆ ತಟ್ಟೆ ಎಟುಕುವುದಿಲ್ಲ. ಪುಸ್ತಕ ಮಕ್ಕಳನ್ನು ಎತ್ತರಕ್ಕೆ ಏರಿಸುತ್ತದೆ ಎಂದು ಸಭೆಗಳಲ್ಲಿ ಯಾರೋ ಹೇಳಿದಾಗ ನಾನೂ ತಲೆಯಾಡಿಸಿದ್ದೇನೆ. ನಮ್ಮ ಮನೆಯಲ್ಲಿ ಅದು ಒಂದು ಗೇಣಿನ ಮಟ್ಟಿಗೆ ನಿಜವಾಗಿದೆ.

ಸಂಜೆ ಕೆಲಸದಿಂದ ಬಂದು ಆ ಕುರ್ಚಿಯ ಎದುರು ಕೂತರೆ ನನಗೆ ಸುಸ್ತು ಇಮ್ಮಡಿಯಾಗುತ್ತದೆ. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಬಾಟಲಿಗಳ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವುದು ನನ್ನ ಉದ್ಯೋಗ. ಅಂದರೆ ಚಿಂತೆ ಮಾಡುವುದಕ್ಕೇ ಸಂಬಳ. ಇಂಥ ಕೆಲಸ ನನಗೆ ಹುಟ್ಟಿನಿಂದಲೇ ಒಗ್ಗಿ ಬಂದದ್ದು. ಮನೆಗೆ ಬಂದ ಮೇಲೂ ಗ್ಯಾಸು ಆಫ್ ಆಗಿದೆಯೇ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ತೆಗೆದಿದೆಯೇ, ಹಾಲಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದೆಯೇ, ಹಲ್ಲಿಗಿಲ್ಲಿ ಬಿದ್ದಿದೆಯೇ ಎಂದು ಒಂದು ಸುತ್ತು ಹಾಕುತ್ತೇನೆ. ನನ್ನ ಹೆಂಡತಿ ಮಂಗಳ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ನಿಜವಾದ ಕಷ್ಟಗಳನ್ನು ನೋಡಿ ಬರುವವಳು. ಅವಳು ಸೋಫಾದಲ್ಲಿ ಕಾಲು ಚಾಚಿಕೊಂಡು, "ಶುರುವಾಯ್ತಾ ನಿಮ್ಮ ಓವರ್‌ಟೈಮು?" ಅನ್ನುತ್ತಾಳೆ.

ಇಬ್ಬರಿಗೂ ಪಾಳಿಯ ಕೆಲಸವಾದ್ದರಿಂದ ಹರ್ಷಿತಾ ಮಾತು ಕಲಿತದ್ದು, ಓಡುವುದು ಕಲಿತದ್ದು, ಉಗುಳುವುದು ಕಲಿತದ್ದು ಎಲ್ಲಾ ನಮ್ಮೂರು ಹೆಮ್ಮಿಗೆಯಲ್ಲಿ, ನಮ್ಮವ್ವನ ಹತ್ತಿರ. ಅಲ್ಲಿ ನನ್ನ ತಮ್ಮನ ಸಂಸಾರ, ಅವನ ಹಸುಗಳು, ಹೊತ್ತಿಗೆ ಮೊದಲೇ ಡೈರಿಗೆ ಓಡುವ ಗಡಿಬಿಡಿ. ಆ ಗದ್ದಲದ ನಡುವೆ ಅಜ್ಜಿಯ ಸೆರಗು ಹಿಡಿದುಕೊಂಡು ಅವಳು ಬೆಳೆದಳು. ಈ ವರ್ಷ ಸ್ಕೂಲಿಗೆ ಸೇರಿಸಬೇಕೆಂದು ನಂಜನಗೂಡಿಗೆ ಕರೆದುಕೊಂಡು ಬಂದೆವು. ಮಗಳು ಬರುತ್ತಾಳೆಂದು ನಾನು ಬಾಡಿಗೆ ಮನೆಗೆ ಸುಣ್ಣಬಣ್ಣ ಮಾಡಿಸಿದೆ. ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿದೆ. ಪ್ರತಿ ಟ್ಯೂಬ್‌ಲೈಟಿನ ಪಕ್ಕಕ್ಕೂ ಒಂದೊಂದು ನವಿಲುಗರಿ ಸಿಕ್ಕಿಸಿದೆ. ನವಿಲುಗರಿ ಕಂಡರೆ ಹಲ್ಲಿ ಹತ್ತಿರ ಬರುವುದಿಲ್ಲವೆಂದು ಯಾರೋ ಹೇಳಿದ್ದರು. ಹಲ್ಲಿ ಎಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕಚ್ಚುತ್ತದೆಂದಲ್ಲ, ಬೀಳುತ್ತದೆಂದು.

ಸ್ಕೂಲಿಗೆ ಸೇರಿ ಸ್ವಲ್ಪ ದಿನವಾದ ಮೇಲೆ ಟೀಚರ್ ನನ್ನನ್ನು ಕರೆಸಿದರು. ಚಿಕ್ಕ ವಯಸ್ಸಿನ ಹುಡುಗಿ, ಬಹಳ ಮೆತ್ತಗೆ ಮಾತಾಡುವವರು.

"ಸಾರ್, ಹರ್ಷಿತಾ ಕ್ಲಾಸಲ್ಲಿ ಬಾಯೇ ಬಿಡಲ್ಲ. ಮನೇಲಿ ಮಾತಾಡ್ತಾಳಾ?"

ಮನೆಯಲ್ಲಿ ಕೇಳಿದ್ದಕ್ಕೆ ಹೂಂ, ಉಹೂಂ ಎರಡೇ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೆಮ್ಮಿಗೆಯಲ್ಲಿ ಬಾಯಿ ಮುಚ್ಚಿದ್ದೇ ಇಲ್ಲದ ಮಗು ಅದು. ಕೆದಕಿ ಕೇಳಿದಾಗ ಟೀಚರೇ ಹೇಳಿದರು. ಮೊದಲ ದಿನ ಹೆಸರು ಕೇಳಿದ್ದಕ್ಕೆ ಇವಳು "ಅರ್ಸಿತ" ಅಂದಳಂತೆ. ಚಿತ್ರ ತೋರಿಸಿದ್ದಕ್ಕೆ "ಅಣ್ಣು" ಅಂದಳಂತೆ, "ಊವು" ಅಂದಳಂತೆ. ಹಿಂದಿನ ಬೆಂಚಿನಿಂದ ನಗು ಬಂತಂತೆ. ನಕ್ಕವರನ್ನು ಟೀಚರ್ ಗದರಿಸಿದರಂತೆ, ಆದರೆ ಅಷ್ಟು ಹೊತ್ತಿಗೆ ಇವಳು ಬಾಯಿಗೆ ಮುಚ್ಚಳ ಹಾಕಿಯಾಗಿತ್ತು. ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವ ನನಗೇ ಗೊತ್ತಾಗುವಷ್ಟು ಬಿಗಿಯಾಗಿ.

"ದಿನಾ ಒಂದು ಬುಕ್ಕು ಓದಿ ಹೇಳಿ ಸಾರ್. ಅವಳೇ ಮಾತಾಡ್ತಾಳೆ. ಆದ್ರೆ ಅವಳಿಗೆ ಏನಿಷ್ಟಾನೋ ಅದನ್ನ ಕೊಡಿಸಿ. ನಮ್ಮ ಇಷ್ಟ ಅಲ್ಲ, ಅವಳ ಇಷ್ಟ. ಅವಳನ್ನೇ ಕೇಳಿ."

ನನಗೆ ಇದೆಲ್ಲ ಹೊಸದಲ್ಲ. ನಮ್ಮ ಕಡೆ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹಾಲು ನಮಗೆ ಆಲು, ಹಳ್ಳಿ ಅಳ್ಳಿ, ಹೋಗುವುದು ಓಗೋದು. ಊರಿನ ಹೆಸರೇ ಎಮ್ಮಿಗೆ. ಮೈಸೂರಿನಲ್ಲಿ ಓದಲು ಸೇರಿದ ಹೊಸದರಲ್ಲಿ ಹಾಸ್ಟೆಲಿನ ಹುಡುಗನೊಬ್ಬ ಯಾವೂರು ಎಂದು ಕೇಳಿದ. "ಎಮ್ಮಿಗೆ" ಅಂದೆ. "ಎಮ್ಮಿಗೆ ಏನಾಯ್ತೋ ಪಾಪ, ಹುಷಾರಿಲ್ವಾ?" ಎಂದ. ಆಮೇಲೆ ನಾನು ಹಾಸ್ಟೆಲು ಬಿಡುವವರೆಗೂ ನನ್ನನ್ನು ಕಂಡಾಗಲೆಲ್ಲ ಎಲ್ಲರೂ ಆ ಎಮ್ಮೆಯ ಆರೋಗ್ಯ ವಿಚಾರಿಸುತ್ತಿದ್ದರು. ನಾನು ಹಟ ಹಿಡಿದು 'ಹ'ವನ್ನು ಕಲಿತೆ. ಎಷ್ಟು ಕಲಿತೆ ಎಂದರೆ ಬೇಡದ ಕಡೆಯೂ ಅದು ಬಂದು ಕೂತುಕೊಳ್ಳುತ್ತಿತ್ತು. ಮೆಸ್ಸಿನಲ್ಲಿ ಒಂದು ದಿನ ಬಹಳ ನಾಜೂಕಾಗಿ "ಹಾಲೂಗಡ್ಡೆ ಪಲ್ಯ ಹಾಕಿ" ಅಂದೆ. ಬಡಿಸುವವನು, "ಹಾಲು ಬೇರೆ ಲೋಟಕ್ಕೆ ಹಾಕ್ಲಾ, ಗಡ್ಡೆ ತಟ್ಟೆಗೆ ಹಾಕ್ಲಾ?" ಎಂದ. ಈ ಕೆಲಸದ ಸಂದರ್ಶನದಲ್ಲಿ ನನಗೆ ಹಿಂದಿನ ಹನುಭವ ಇದೆ ಎಂದೂ ಹೇಳಿದ್ದೇನೆ. ಪಾಪ, ಅವರಿಗೆ ಬೇಕಾಗಿದ್ದದ್ದು ಮುಚ್ಚಳ ನೋಡುವ ಕಣ್ಣು, ಅದಕ್ಕೇ ತೆಗೆದುಕೊಂಡರು.

ಹೀಗೆ ನೊಂದವನಾದ್ದರಿಂದ ಮಗಳಿಗೆ ಬೇಕೆಂದೇ 'ಹ'ದಿಂದ ಶುರುವಾಗುವ ಹೆಸರಿಟ್ಟೆ. ಹೆಸರು ಹೇಳಿ ಹೇಳಿಯಾದರೂ ನಾಲಗೆ ಪಳಗುತ್ತದೆ ಎಂದು ಲೆಕ್ಕ. ನಾಮಕರಣದ ದಿನವೇ ನಮ್ಮವ್ವ ತೊಟ್ಟಿಲು ತೂಗುತ್ತಾ, "ಅರ್ಸಿತಾ, ಚೆನ್ನಾಗದೆ ಕಣ್ಲಾ ಎಸ್ರು" ಎಂದು ನನ್ನ ಯೋಜನೆಯನ್ನು ಮುಗಿಸಿದಳು.

ಟೀಚರ್ ಹೇಳಿದ ಹಾಗೆ ನಾನು ಮಗಳನ್ನೇ ಕೇಳಿದೆ.

"ಪುಟ್ಟಿ, ನಿಂಗೆ ಯಾವ ಬುಕ್ಕು ಬೇಕಮ್ಮ?"

"ಅಲ್ಲಿ ಬುಕ್ಕು."

"ಎಲ್ಲಿ?"

"ಅಲ್ಲಿ!"

"ಅದೇ, ಅಲ್ಲಿ ಅಂದರೆ ಎಲ್ಲಿ?"

ಅವಳು ಎದುರಿನ ಗೋಡೆ ನೋಡಿದಳು. ಟ್ಯೂಬ್‌ಲೈಟು ನೋಡಿದಳು. ನಾನೂ ನೋಡಿದೆ. ಅಲ್ಲಿ ಹೊಸ ಬಣ್ಣ, ನವಿಲುಗರಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಮುಖವನ್ನು ಒಂದು ಸಲ ನೋಡಿ, ದೊಡ್ಡವರ ಹಾಗೆ ಉಸಿರು ಬಿಟ್ಟು ಅವಳು ಎದ್ದು ಹೋದಳು. ಮಗು ಪುಸ್ತಕದಂಗಡಿಯಲ್ಲಿ ಯಾವುದೋ ಪುಸ್ತಕ ನೋಡಿಟ್ಟುಕೊಂಡಿದೆ, 'ಅಲ್ಲಿ' ಅಂದರೆ ಆ ಅಂಗಡಿ ಎಂದು ನಾನು ತೀರ್ಮಾನಿಸಿದೆ. ಚಿಂತೆ ಮಾಡುವವರಿಗೆ ತೀರ್ಮಾನ ಬಹಳ ಬೇಗ ಸಿಗುತ್ತದೆ. ತಪ್ಪು ತೀರ್ಮಾನವಂತೂ ಬಾಗಿಲಲ್ಲೇ ಕಾಯುತ್ತಿರುತ್ತದೆ.

ಪೇಟೆಯಲ್ಲಿ ನೋಟ್‌ಬುಕ್ಕು, ರಬ್ಬರು, ಭಜನೆ ಪುಸ್ತಕ, ಪರೀಕ್ಷೆ ಗೈಡು ಎಲ್ಲ ಒಟ್ಟಿಗೆ ಮಾರುವ ಒಂದು ಅಂಗಡಿಯಿದೆ. ಅವಳನ್ನು ಭುಜದ ಮೇಲೆ ಕೂರಿಸಿಕೊಂಡು ಹೋದೆ.

"ಏನ್ ಸಾ, ಮಗೀಗೆ ಎಷ್ಟು ವರ್ಸ?" ಎಂದರು ಅಂಗಡಿಯವರು. ನನ್ನ ವಯಸ್ಸಿನವರೇ, ಬಾಯಲ್ಲಿ ಸದಾ ಅಡಿಕೆ.

"ಐದು."

"ಐದುಕ್ಕೆ ಎಲ್ಲಾ ಮೊಲ, ಆನೆನೇ ಓಗೋದು. ತಕ್ಕಳಿ."

"ಅವಳೇ ಆರಿಸಲಿ ಇರಿ. ಪುಟ್ಟಿ, ಯಾವುದಮ್ಮ?"

"ಅಲ್ಲಿ ಬುಕ್ಕು" ಎಂದು ಅವಳು ಕತ್ತೆತ್ತಿ ಗೋಡೆಯ ಮೇಲ್ಭಾಗವನ್ನೆಲ್ಲ ಹುಡುಕುವವಳ ಹಾಗೆ ನೋಡಿದಳು. ನಾವಿಬ್ಬರೂ ಅವಳ ಕಣ್ಣಿನ ಜಾಡು ಹಿಡಿದೆವು. ಅವರು ಕೋಲು ತಂದು ಸೀಲಿಂಗಿಗೆ ತಾಗಿದ ಹಲಗೆಯಿಂದ ಒಂದು ದಪ್ಪ ಪುಸ್ತಕ ಕೆಡವಿದರು. ಧೂಳು ನಮ್ಮ ಮೂವರ ಮೇಲೂ ಬಿತ್ತು. ಸರ್ಕಾರಿ ಗುಮಾಸ್ತರ ಪರೀಕ್ಷೆಯ ಗೈಡು.

"ಇದಾ ಮಗ?"

ಅವಳು ಮತ್ತೆ ಗೋಡೆಯ ಕಡೆಗೇ ಕತ್ತೆತ್ತಿದಳು.

"ಮಗೀಗೆ ಈಗ್ಲೇ ಗೌರ್ಮೆಂಟ್ ಕೆಲ್ಸದ್ ಮೇಲೆ ಕಣ್ಣು ಕಣ್ ಸಾ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಯಾರಿಗೆ ಗೊತ್ತು, ಇಂಥ ಸೂಚನೆಗಳು ಹೀಗೇ ಬರುತ್ತವೇನೋ ಎಂದು ಒಳಗೊಳಗೇ ಅನ್ನಿಸಿ ಅದನ್ನೂ ಕಟ್ಟಿಸಿಕೊಂಡೆ. ಇವತ್ತು ಕುರ್ಚಿಯ ಮೇಲಿನ ರಾಶಿಗೆ ಅದೇ ಅಡಿಪಾಯ.

ಅದರ ಮೇಲೆ ಒಂದೊಂದಾಗಿ ಏರಿದವು. ಹಲ್ಲುಜ್ಜದ ಕರಡಿಯೊಂದರ ಕಥೆ, ಏಕೆಂದರೆ ನನಗೆ ಅವಳ ಹಲ್ಲಿನ ಚಿಂತೆ. ಅಮ್ಮನ ಕೈ ಬಿಟ್ಟು ಓಡಿ ಕಳೆದುಹೋದ ಬಾತುಕೋಳಿ, ಏಕೆಂದರೆ ಇಲ್ಲಿನ ರಸ್ತೆಯಲ್ಲಿ ಲಾರಿಗಳು. ನೀರಿಗೆ ಬಗ್ಗಿದ ಮೇಕೆಮರಿ, ಏಕೆಂದರೆ ಇಲ್ಲಿ ಕಪಿಲೆ, ಅಲ್ಲಿ ನರಸೀಪುರದ ಕಡೆ ಹೋದರೆ ಕಾವೇರಿಯೂ ಸೇರಿಕೊಂಡಿದ್ದಾಳೆ. ಹೆದರದೆ ಸಭೆಯಲ್ಲಿ ಮಾತಾಡಿದ ಮೊಲ, ಕಾರಣ ಹೇಳಬೇಕಾಗಿಲ್ಲ. ಒಂದು ಪೆಂಗ್ವಿನ್ನಿನದೂ ಇದೆ, ಅದು ರಿಯಾಯಿತಿಯಲ್ಲಿತ್ತು. ಟೀಚರ್ ಅವಳ ಇಷ್ಟ ಎಂದಿದ್ದರು. ನಾನು ತಂದದ್ದೆಲ್ಲ ನನ್ನ ಭಯ, ಬಣ್ಣದ ಚಿತ್ರಗಳ ಸಮೇತ.

ಸಂಜೆ ಓದಿ ಹೇಳಲು ಕೂರುತ್ತಿದ್ದೆ. ಎರಡನೇ ಪುಟಕ್ಕೆ ನನಗೇ ತೂಕಡಿಕೆ. ಮೊಲ ಸಭೆಗೆ ಹೋಗಿ ಎದ್ದು ನಿಲ್ಲುವ ಹೊತ್ತಿಗೆ ನನ್ನ ಗದ್ದ ಎದೆಗೆ ತಾಗಿರುತ್ತಿತ್ತು. ಎಚ್ಚರವಾದಾಗ ಮಗಳು ಪಕ್ಕದಲ್ಲಿ ಹಾಗೇ ಕೂತು ಗೋಡೆ ನೋಡುತ್ತಿರುತ್ತಿದ್ದಳು. "ಇದಲ್ಲ" ಅನ್ನುತ್ತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ. ತಪ್ಪು ಮನೆಯ ಬಾಗಿಲು ತಟ್ಟಿದವರಿಗೆ ಹೇಳುವ ಹಾಗೆ. ಬರುಬರುತ್ತಾ ಅದೂ ನಿಂತಿತು. ನಾನು ಪುಸ್ತಕ ತೆಗೆದರೆ ಅವಳು ಮಲಗುವ ಕೋಣೆಗೆ ಹೋಗಿ, ಹೆಮ್ಮಿಗೆಯಿಂದ ತಂದ ಬಟ್ಟೆಯ ಚೀಲಕ್ಕೆ ತನ್ನ ಫ್ರಾಕುಗಳನ್ನು ತುಂಬತೊಡಗಿದಳು. ಮಂಗಳ ಅವನ್ನು ತೆಗೆದು ಬೀರುವಿನಲ್ಲಿಡುವಳು. ಮಾರನೆಯ ಸಂಜೆ ಅವು ಮತ್ತೆ ಚೀಲದಲ್ಲಿ.

"ರೀ, ಹೀಗೇ ಆದ್ರೆ ಇವಳನ್ನ ವಾಪಸ್ ಅತ್ತೆ ಹತ್ರ ಬಿಡೋದೇ ಸರಿಯೇನೋ" ಎಂದಳು ಮಂಗಳ ಒಂದು ದಿನ. ತಮಾಷೆಗೆ ಹೇಳಲಿಲ್ಲ. ಡ್ಯೂಟಿಯ ಸೀರೆಯಲ್ಲೇ ಕೂತಿದ್ದಳು. "ಮಗೂನ ಇಲ್ಲಿಟ್ಕೊಂಡು ನಾವು ಮಾಡ್ತಿರೋದಾದ್ರೂ ಏನು? ಅವಳಿಗೆ ನಾವು ಯಾರೋ ನೆಂಟರು ಇದ್ದಂಗಿದೀವಿ."

"ಇನ್ನೊಂದು ಪುಸ್ತಕ ನೋಡೋಣ" ಎಂದೆ.

"ಕುರ್ಚಿ ಎತ್ತರ ಸಾಕು ಕಣ್ರೀ" ಎಂದಳು.

ಆ ಭಾನುವಾರ ಮೂವರೂ ಹೆಮ್ಮಿಗೆಗೆ ಹೊರಟೆವು. ಮಗಳು ತನ್ನ ಚೀಲವನ್ನು ಬಿಡಲಿಲ್ಲ, ತಾನೇ ಹೊತ್ತಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗದ್ದೆಗಳನ್ನು ನೋಡಿದಳು. ನರಸೀಪುರದಲ್ಲಿ ಬಸ್ಸು ಬದಲಿಸುವಾಗ ನಾನು ಮನಸ್ಸಿನಲ್ಲೇ ಮಂಗಳಳ ಮಾತಿಗೆ ಒಪ್ಪಿಬಿಟ್ಟಿದ್ದೆ. ಇಲ್ಲೇ ಬಿಟ್ಟುಬಿಡುವುದು. ವಾರಕ್ಕೊಮ್ಮೆ ಬಂದು ನೋಡುವುದು. ಸುಸ್ತಾದವನಿಗೆ ಸೋಲು ಕೂಡ ಒಂದು ಬಗೆಯ ರಜೆಯಂತೆ ಕಾಣುತ್ತದೆ.

ಮನೆ ಮುಟ್ಟಿದ್ದೇ ತಡ, ಹರ್ಷಿತಾ ಚಪ್ಪಲಿ ಕಳಚದೆ ಒಳಗೆ ಓಡಿದಳು. ನಡುಮನೆಯ ಗೋಡೆಯ ಮುಂದೆ ನಿಂತು ಕೂಗಿದಳು.

"ಅಜ್ಜೀ, ಅಲ್ಲಿ ಎಲ್ಲಿ?"

ಒಲೆಮನೆಯಿಂದ ನಮ್ಮವ್ವ, "ಅಲ್ಲಿ ಅಲ್ಲೇ ಅದೆ ನೋಡವ್ವಾ!" ಎಂದು ಕೂಗಿದಳು.

"ಇಲ್ಲ ಅಜ್ಜಿ, ಅಲ್ಲಿ ಅಲ್ಲಿಲ್ಲ!"

"ಮೀಟ್ರು ಪೆಟ್ಗೆ ಇಂದ್ಗಡೆ ನೋಡು. ಬಿಸ್ಲು ಒತ್ನಲ್ಲಿ ಅಲ್ಲಿ ಅಲ್ಲಿಗೋಯ್ತದೆ."

ನಾನು ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತುಬಿಟ್ಟೆ. ಕರೆಂಟಿನ ಮೀಟರ್ ಪೆಟ್ಟಿಗೆಯ ಹಿಂದಿನಿಂದ ಮಣ್ಣಿನ ಬಣ್ಣದ ಒಂದು ದಪ್ಪ ಹಲ್ಲಿ ತಲೆ ಹೊರಗೆ ಹಾಕಿ ನಮ್ಮನ್ನು ನೋಡಿತು.

ಹಲ್ಲಿ! ಮಗು ಇಷ್ಟು ದಿನ ಕೇಳಿದ್ದು ಹಲ್ಲಿಯ ಪುಸ್ತಕ. ಕೇಳಿದ್ದು ಅಚ್ಚ ನಮ್ಮೂರಿನ ಕನ್ನಡದಲ್ಲಿ, ನನ್ನ ಅವ್ವನ ಬಾಯಿಂದ ಕಲಿತದ್ದನ್ನು, ಅದೇ ಅವ್ವನ ಮಗನಾದ ನನ್ನ ಹತ್ತಿರ. ನಾನು ನವಿಲುಗರಿ ಸಿಕ್ಕಿಸಿದ ಗೋಡೆ ನೋಡಿಕೊಂಡು ಎಲ್ಲಿ, ಎಲ್ಲಿ ಎಂದು ಕೇಳುತ್ತಿದ್ದೆ. ಮಂಗಳ ನಂಜನಗೂಡು ಪೇಟೆಯಲ್ಲಿ ಹುಟ್ಟಿದವಳು, ಅವಳಿಗೆ ಗೊತ್ತಾಗದಿದ್ದರೆ ಸರಿ. ಅಂಗಡಿಯವರಿಗೂ ಹೊಳೆಯಲಿಲ್ಲ, ಪುಸ್ತಕದಂಗಡಿಯಲ್ಲಿ ಹಲ್ಲಿ ಯಾರಿಗೆ ಹೊಳೆಯುತ್ತದೆ. ನನಗೇನಾಗಿತ್ತು? ಬಾಯಿಗೆ 'ಹ' ಕಲಿಸುವ ಭರದಲ್ಲಿ ಕಿವಿಗೂ ಬೀಗ ಹಾಕಿಕೊಂಡಿದ್ದೆ.

ಮಂಗಳ ಹಿಂದಿನಿಂದ, "ಯಾಕ್ರೀ ನಿಂತ್ರಿ? ಏನಾಯ್ತು?" ಎಂದಳು.

"ಎಮ್ಮಿಗೆ ಹುಷಾರಿಲ್ಲ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದಾಗ ಬಾವಿಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆ ನೀರು ಪೂರ್ತಿ ನಗುವಿನದಾಗಿರಲಿಲ್ಲ.

ಊಟಕ್ಕೆ ಕೂತಾಗ ನಾನು ನಮ್ಮವ್ವನನ್ನು ಕೇಳಿದೆ. "ಅವ್ವ, ಮಗೀಗೆ ಅಲ್ಲಿ ಮೇಲೆ ಯಾಕಷ್ಟು ಪ್ರೀತಿ?" ಎಷ್ಟೋ ವರ್ಷದ ಮೇಲೆ ನನ್ನ ಬಾಯಿಂದ ಆ ಮಾತು 'ಹ' ಇಲ್ಲದೆ ಬಂತು. ಯಾರೂ ನಗಲಿಲ್ಲ.

"ಪ್ರೀತಿ ಏನ್ ಬಂತು, ಅದು ನಿಜ ಏಳ್ತದಲ್ಲಪ್ಪ" ಎಂದಳು ನಮ್ಮವ್ವ, ಸಾರು ಬಡಿಸುತ್ತಾ. "ನಾನು ಏನಾರ ಅನ್ವಾಗ ಅದು ಲೊಚಲೊಚ ಅಂದ್ರೆ ಆ ಮಾತು ನಿಜ ಅಂತ. ನೆಲ ಕುಟ್ಟಿ ಸಿವ ಸಿವಾ ಅಂತೀವಿ. ಇವ್ಳು ದಿನಾ ಅದುನ್ನೇ ಕೇಳ್ಕಂಡು ಬೆಳುದ್ಲು. ನೀವು ಕರ್ಕಂಡೋಗೋ ದಿನ, ಅಲ್ಲೂ ಚೆನ್ನಾಗಿರ್ತದೆ ಓಗವ್ವಾ ಅಂದೆ. ಅವತ್ತು ಆಳಾದ್ದು ಬಾಯೇ ಬುಡ್ನಿಲ್ಲ. ಅಜ್ಜಿ, ಅಲ್ಲಿ ಏಳ್ನೇ ಇಲ್ಲ ಅಂದ್ಲು. ಅಲ್ಲಿಗೋದ್ಮೇಲೆ ಅಲ್ಲಿರೋ ಅಲ್ಲಿ ಏಳ್ತದೆ ಬುಡು ಅಂದೆ."

ಅಲ್ಲಿರುವ ಅಲ್ಲಿ. ಮಗು ಅದನ್ನೇ ಹುಡುಕುತ್ತಿತ್ತು, ನಮ್ಮ ಮನೆಯ ಗೋಡೆಯ ಮೇಲೆ, ಅಂಗಡಿಯ ಗೋಡೆಯ ಮೇಲೆ, ಬಹುಶಃ ಸ್ಕೂಲಿನ ಗೋಡೆಯ ಮೇಲೂ. ಸ್ಕೂಲು ಚೆನ್ನಾಗಿರುತ್ತೆ ಎಂದು ನಾನು ಎಷ್ಟು ಸಲ ಹೇಳಿದ್ದೆ. ಅಪ್ಪ ಅಮ್ಮ ಇದೀವಲ್ಲ ಎಂದು ಮಂಗಳ ಎಷ್ಟು ಸಲ ಹೇಳಿದ್ದಳು. ನಾವು ಹೇಳಿದ್ದು ನಿಜ ಎನ್ನಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಾನೇ ಓಡಿಸಿದ್ದೆ. ಗೋಡೆಯಲ್ಲಿ ಸಿಗದ ಮೇಲೆ ಪುಸ್ತಕದಲ್ಲಾದರೂ ಇರಬಹುದು ಎಂದು ಅವಳಿಗೆ ಅನ್ನಿಸಿರಬೇಕು.

ಅವಳು ನಮ್ಮ ಜೊತೆ ವಾಪಸು ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಹೊರಡುವ ಹೊತ್ತಿಗೆ ಅವಳ ಮುಂದೆ ಮಂಡಿಯೂರಿ ಕೂತು, "ಪುಟ್ಟಿ, ಅಲ್ಲಿ ಬುಕ್ಕು ಕೊಡುಸ್ತೀನಿ, ಬತ್ತೀಯಾ?" ಎಂದೆ.

ಅವಳು ನನ್ನ ಬಾಯನ್ನೇ ನೋಡಿದಳು. "ಯಾವ ಅಲ್ಲಿ?"

"ಗ್ವಾಡೆ ಮೇಲಿರೋ ಅಲ್ಲಿ."

ಚೀಲ ಎತ್ತಿಕೊಂಡು ನನಗಿಂತ ಮುಂದೆ ಹೊರಟಳು.

ಮಾತು ಕೊಡುವುದು ಸುಲಭವಾಗಿತ್ತು. ಮಾರನೆಯ ದಿನ ಅಂಗಡಿಗೆ ಹೋಗಿ ಹಲ್ಲಿಯ ಪುಸ್ತಕ ಕೇಳಿದೆ. ಅಂಗಡಿಯವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಅಲ್ಲಿ ಬುಕ್ಕಾ? ಅಲ್ಲಿ ಓಡ್ಸೋ ಔಸ್ದಿ ಬೇಕಾದ್ರೆ ಪಕ್ಕದಂಗ್ಡೀಲಿ ಅದೆ ಸಾ."

"ಓಡಿಸೋಕಲ್ಲ, ಓದೋಕೆ."

"ಉಲಿ ತಕ್ಕಳಿ, ಮೊಸ್ಳೆ ತಕ್ಕಳಿ. ಮೊಸ್ಳೆನೂ ಅಂಗೇ ಇರ್ತದೆ, ಒಸಿ ದಪ್ಪ ಅಷ್ಟೆ."

ಇಡೀ ರಾಶಿ ಹುಡುಕಿದೆವು. ನಮ್ಮ ಮಕ್ಕಳು ಎಂದೂ ಕಾಣದ ಜಿರಾಫೆ ಇದೆ, ಹಿಮದ ಮೇಲಿನ ಕರಡಿ ಇದೆ. ದಿನಾ ನಮ್ಮ ತಲೆಯ ಮೇಲೇ ಸಂಸಾರ ಮಾಡುವ ಹಲ್ಲಿಗೆ ಒಂದು ಪುಟವಿಲ್ಲ. ಮೈಸೂರಿಗೆ ಹೋಗುವ ಸಹೋದ್ಯೋಗಿಗೂ ಹೇಳಿದೆ. ಅವನು ಬಂದು ಡೈನೋಸಾರ್ ಇದೆ, ಆಗುತ್ತಾ ಎಂದು ಕೇಳಿದ. ಅವತ್ತು ಸಂಜೆ ಬರಿಗೈಯಲ್ಲಿ ಮನೆಗೆ ಬರುವಾಗ ಕಾಲು ಎಳೆದರೂ ಮುಂದೆ ಬರಲಿಲ್ಲ. ಬಾಗಿಲಲ್ಲಿ ಮಗಳು ಕಾಯುತ್ತಿದ್ದಳು, ನಾವು ಕರೆತಂದ ಮೇಲೆ ಮೊದಲ ಸಲ.

"ಅಲ್ಲಿ ಬುಕ್ಕು?"

ಕೈಕಾಲು ತೊಳೆದು ದೇವರ ಗೂಡಿನ ಮುಂದೆ ವಿಭೂತಿಗೆ ಕೈ ಚಾಚಿದವನು ಹಾಗೇ ನಿಂತೆ. ಗೂಡಿನ ಪಕ್ಕದ ಮೊಳೆಗೆ ದಾರದಲ್ಲಿ ಪಂಚಾಂಗ ತೂಗುತ್ತಿತ್ತು. ಅದರ ಕೊನೆಯ ಹಾಳೆಗಳಲ್ಲಿ ಹಲ್ಲಿ ಬಿದ್ದರೆ ಯಾವ ಅಂಗಕ್ಕೆ ಏನು ಫಲ ಎಂಬ ಪಟ್ಟಿ ಇರುತ್ತದೆ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಆ ಪಟ್ಟಿಯಲ್ಲಿ. ಹೆಂಚಿನ ಮನೆ, ಯಾರ ಮೇಲೆ ಯಾವಾಗ ಬೇಕಾದರೂ ಹಲ್ಲಿ ಬೀಳುತ್ತಿತ್ತು. ಓದು ಬಾರದ ನಮ್ಮವ್ವ ನನ್ನನ್ನು ಕರೆದು, "ಎಡ್ಗಡೆ ಬುಜ, ಏನಂತೆ ಓದ್ಲಾ" ಅನ್ನುವಳು. ನಾನು ಬೆರಳಿಟ್ಟು ಓದುವೆ. ಬಹಳ ದಿನ ನಾನು, ಗೋಡೆಯ ಮೇಲಿರುವುದು ಅಲ್ಲಿ, ಪುಸ್ತಕದಲ್ಲಿರುವುದು ಹಲ್ಲಿ, ಎರಡೂ ಬೇರೆ ಬೇರೆ ಪ್ರಾಣಿ ಎಂದೇ ನಂಬಿದ್ದೆ. ಅಲ್ಲಿ ಪಾಪದ್ದು, ಹುಳ ತಿಂದುಕೊಂಡು ಇರುತ್ತದೆ. ಹಲ್ಲಿ ಮಾತ್ರ ಭಯಂಕರ. ಅದು ಬಿದ್ದರೆ ಧನನಷ್ಟ, ಕಲಹ, ರೋಗ. ನನ್ನ ಚಿಂತೆಗಳೆಲ್ಲ ಹುಟ್ಟಿದ್ದು ಆ ಹಾಳೆಯ ಹಲ್ಲಿಯಿಂದ ಇರಬೇಕು. ಗೋಡೆಯ ಅಲ್ಲಿಯ ಜೊತೆ ನನಗೆ ಜಗಳವೇ ಇರಲಿಲ್ಲ.

ಪಂಚಾಂಗ ಬಿಚ್ಚಿಕೊಂಡು ಬಂದು ಸೋಫಾದಲ್ಲಿ ಕೂತೆ. ಹರ್ಷಿತಾ ತೊಡೆಯ ಮೇಲೆ ಹತ್ತಿದಳು. ಚಿತ್ರವಿಲ್ಲ, ಬಣ್ಣವಿಲ್ಲ, ಇರುವೆಯಂಥ ಅಕ್ಷರ.

"ತಲೆ ಮೇಲೆ ಬಿದ್ರೆ…" ಎಂದು ಶುರು ಮಾಡಿ ಮುಂದಿನ ಶಬ್ದ ನೋಡಿ ಗಾಬರಿಯಾದೆ. ಮಗುವಿಗೆ ಓದುವಂಥದ್ದಲ್ಲ. "ತಲೆ ಮೇಲೆ ಬಿದ್ರೆ, ಎಣ್ಣೆ ಹಚ್ಚಿ ಸ್ನಾನ ಮಾಡಿಸ್ತಾರೆ" ಎಂದೆ.

ಅವಳು ಯೋಚಿಸಿದಳು. "ಅಲ್ಲೀಗಾ?"

"ಅಲ್ಲ, ನಮಗೆ."

"ಅಲ್ಲೀಗೇನಾಯ್ತದೆ?"

"ಅಲ್ಲಿಗೆ… ಅದನ್ನ ಇದರಲ್ಲಿ ಬರೆದಿಲ್ಲ. ಕೈ ಮೇಲೆ ಬಿದ್ರೆ, ಹೊಸ ಬಟ್ಟೆ ಸಿಗುತ್ತಂತೆ."

"ಅಲ್ಲೀಗಾ?"

"ನಮಗೇ."

"ಬಿದ್ದಿದ್ದು ಅಲ್ಲಿ ಅಲ್ವಾ ಅಪ್ಪ?" ಈಗ ಅವಳು ಪೂರ್ತಿ ನನ್ನ ಕಡೆ ತಿರುಗಿ ಕೂತಳು. ಮುಚ್ಚಳ ತೆರೆದಿತ್ತು. "ಅಷ್ಟು ಮ್ಯಾಲಿಂದ ಬಿದ್ರೆ ಅಲ್ಲೀಗೆ ನೋವಾಗಲ್ವಾ? ಅದುರ ಮನೆ ಮ್ಯಾಲೇ ಇರೋದು. ಕೆಳಗೆ ಅದುಕ್ಕೆ ಯಾರೂ ಗೊತ್ತಿರಲ್ಲ. ಅದುಕ್ಕೆ ಭಯ ಆಯ್ತದೆ. ಯಾಕೆ ಎಲ್ಲಾ ನಮ್ಗೇ ಬರ್ದವ್ರೆ? ಅಲ್ಲೀಗೆ ಏನಾಯ್ತದೆ ಅಂತ ಯಾಕೆ ಬರ್ದಿಲ್ಲ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಂಗಳ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಸೋಪಿನ ನೊರೆ.

ಇಷ್ಟು ವರ್ಷ ಆ ಪಟ್ಟಿ ಓದಿದ್ದೇನೆ. ಎಡ ಭುಜ, ಬಲ ಭುಜ, ಕಿವಿ, ಮೂಗು, ಎಲ್ಲಾ ಬಾಯಿಪಾಠ. ಬಿದ್ದ ಹಲ್ಲಿಯ ಗತಿ ಏನು ಎಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ.

"ನಾವೇ ಬರೆಯೋಣ್ವಾ?" ಎಂದೆ.

ಪೆನ್ಸಿಲು ನನ್ನ ಕೈಯಲ್ಲಿ, ಹೇಳುವ ಕೆಲಸ ಅವಳದು. ಮುದ್ರಿಸಿದ ಪ್ರತಿ ಫಲದ ಪಕ್ಕದಲ್ಲೂ ಹಲ್ಲಿಯ ಫಲ ಬರೆದೆವು. ಅಜ್ಜಿಯ ತೊಡೆ ಮೇಲೆ ಬಿದ್ದರೆ ಅಲ್ಲಿಗೆ ನಿದ್ದೆ. ಅಮ್ಮನ ಕೈ ಮೇಲೆ ಬಿದ್ದರೆ ಅಲ್ಲಿಗೆ ಇಂಜೆಕ್ಷನ್ನು, ಆದರೆ ನೋವಾಗದ್ದು. ಹಸುವಿನ ಬೆನ್ನ ಮೇಲೆ ಬಿದ್ದರೆ ಡೈರಿವರೆಗೂ ಸವಾರಿ. "ಅಪ್ಪನ ಮೇಲೆ ಬಿದ್ರೆ?" ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪ ಕಿರುಚ್ಕತನೆ. ಅಲ್ಲೀಗೆ ಕಿವಿ ನೋವು" ಎಂದಳು. ಎಲ್ಲ ಕಡೆ 'ಅಲ್ಲಿ' ಎಂದೇ ಬರೆದೆ. ಬರೆಯುವಾಗ ಕೈ ಒಂದು ಸಲ 'ಹ' ಕಡೆಗೆ ಹೋಯಿತು, ಎಳೆದುಕೊಂಡೆ.

ಆ ವಾರವೇ ಟೀಚರ್ ಫೋನು ಮಾಡಿದರು. 

"ಸಾರ್, ಹರ್ಷಿತಾ ಬ್ಯಾಗಲ್ಲಿ ಪಂಚಾಂಗ ತಂದಿದಾಳೆ."

"ತಪ್ಪಾಯ್ತು ಮೇಡಂ, ನನಗೆ ಗೊತ್ತಾಗಲಿಲ್ಲ."

"ಅಯ್ಯೋ ತಪ್ಪಲ್ಲ ಸಾರ್, ಮಾತಾಡ್ತಿದಾಳೆ! ಮಧ್ಯಾಹ್ನದಿಂದ ನಿಲ್ಲಿಸೇ ಇಲ್ಲ. ಮಕ್ಕಳೆಲ್ಲ ಸುತ್ತ ಕೂತು, ನನ್ನ ಮೂಗಿನ ಮೇಲೆ ಬಿದ್ರೆ ಏನು, ಮಿಸ್ ಮೇಲೆ ಬಿದ್ರೆ ಏನು ಅಂತ ಕೇಳ್ತಿದಾರೆ. ಒಂದೇ ಪ್ರಾಬ್ಲಮ್ಮು. ಈಗ ಇಡೀ ಕ್ಲಾಸು ಅಲ್ಲಿ ಅಲ್ಲಿ ಅಂತಿದೆ ಸಾರ್. ಹಲ್ಲಿ ಅಂತ ತಿದ್ದಿದ್ರೆ, ಅದು ಬೇರೆ ಮಿಸ್ ಅಂತಾರೆ."

ನನಗೂ ಒಂದು ಕಾಲದಲ್ಲಿ ಹಾಗೇ ಗೊತ್ತಿತ್ತು ಎಂದು ಹೇಳಬೇಕೆನ್ನಿಸಿತು.

ಅವತ್ತು ಸಂಜೆ ಸ್ಟೂಲು ಹಾಕಿಕೊಂಡು ನವಿಲುಗರಿಗಳನ್ನೆಲ್ಲ ಕಿತ್ತೆ. ಸ್ಟೂಲಿನಿಂದ ಬಿದ್ದರೆ ನನಗೇನು ಫಲ ಎಂಬ ಚಿಂತೆ ಇದ್ದೇ ಇತ್ತು. ಬಟ್ಟೆಯ ಚೀಲ ಬೀರುವಿನ ಮೇಲಕ್ಕೆ ಹೋಯಿತು, ಅದನ್ನು ಮಂಗಳ ಇಟ್ಟಳೋ ಮಗಳು ಕೊಟ್ಟಳೋ ನಾನು ಕೇಳಲಿಲ್ಲ. ಗೋಡೆ ಮಾತ್ರ ಬಹಳ ದಿನ ಖಾಲಿಯಾಗಿಯೇ ಇತ್ತು. ಹೊಸ ಬಣ್ಣದ ಮನೆಗೆ ಬರಲು ಹಲ್ಲಿಗೂ ಧೈರ್ಯ ಬೇಕಲ್ಲ.

ನಿನ್ನೆ ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಇತ್ತು. ಬಂದವನೇ ನಡುಮನೆಯಲ್ಲಿ ಚಾಪೆಯ ಮೇಲೆ ಬೆನ್ನು ಚಾಚಿದೆ. ಕಣ್ಣು ಮುಚ್ಚುವ ಹೊತ್ತಿಗೆ ಹರ್ಷಿತಾ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಅಪ್ಪ, ಅಲ್ಲಿ."

"ಎಲ್ಲಿ?"

"ಅಲ್ಲಿ!"

ಕಣ್ಣು ತೆರೆದೆ. ನನ್ನ ನೇರಕ್ಕೆ, ಸೀಲಿಂಗಿನಲ್ಲಿ, ಬೆರಳುದ್ದದ ಒಂದು ಮರಿ. ಕಾಲು ಜಾರಿದ ಹಾಗೆ ಒಂದು ಹೆಜ್ಜೆ ಅಲುಗಿತು, ಮತ್ತೆ ಕಚ್ಚಿಕೊಂಡಿತು. ಏಳಬೇಕೆಂದು ಮೈಯೆಲ್ಲ ಹೇಳಿತು. ಕೆಳಗೆ ಗಟ್ಟಿ ನೆಲ, ಹೊಸ ಮನೆ, ಅದಕ್ಕೆ ಇಲ್ಲಿ ಯಾರೂ ಗೊತ್ತಿಲ್ಲ. ನಾನು ಏಳಲಿಲ್ಲ. ಬಾಯಿ ಭದ್ರವಾಗಿ ಮುಚ್ಚಿಕೊಂಡು, ಬಿದ್ದರೆ ಮೆತ್ತಗೆ ಬೀಳಲಿ ಎಂದು ಹೊಟ್ಟೆಯನ್ನು ಆದಷ್ಟು ಸಡಿಲ ಬಿಟ್ಟು ಮಲಗಿದೆ.